ಸಹಾಯ ಬೇಕು: ಸ್ಪೇನ್ ಅಂತರ್ಯುದ್ಧದಲ್ಲಿ ಬಂದೂಕು ಹಿಡಿದ ಹೆಂಗಸರನ್ನು ವಾಪಸ್ ಕಳಿಸಿದ್ದು ಯಾರು?

ಎಲ್ಲರಿಗೂ ನಮಸ್ಕಾರ. ಕಾಲೇಜಿನ ಇತಿಹಾಸ ಸಂಘದಲ್ಲಿ ಮಾತಾಡೋಕೆ ಸ್ಪೇನ್ ಅಂತರ್ಯುದ್ಧದ ಹೆಂಗಸರ ವಿಷಯ ತಗೊಂಡಿದ್ದೇನೆ. ಒಂದು ಕಡೆ ಪೂರ್ತಿ ಸಿಕ್ಕಿಹಾಕಿಕೊಂಡಿದ್ದೇನೆ.

1936ರ ಜುಲೈನಲ್ಲಿ ಯುದ್ಧ ಶುರುವಾದಾಗ ಗಣರಾಜ್ಯದ (ದಂಗೆ ಎದ್ದ ಸೇನಾಧಿಕಾರಿಗಳ ವಿರುದ್ಧ ನಿಂತ ಚುನಾಯಿತ ಸರ್ಕಾರದ) ಪರವಾಗಿ ಹೆಂಗಸರೂ ರಣರಂಗಕ್ಕೆ ಹೋದರು. ಪೋಸ್ಟರ್‌ಗಳಲ್ಲೆಲ್ಲ ಬಂದೂಕು ಹಿಡಿದ ಹುಡುಗಿಯರೇ. ರೊಸಾರಿಯೊ ಸಾಂಚೆಸ್ ಮೊರಾ ಆಗಿನ್ನೂ 17ರ ಹುಡುಗಿ. ಡೈನಮೈಟ್ ಸಿಡಿದು ಬಲಗೈಯನ್ನೇ ಕಳೆದುಕೊಂಡಳು. ಆಮೇಲೂ ಮನೆಗೆ ಹೋಗಲಿಲ್ಲ, ಸೈನಿಕರ ಟಪಾಲು ಕೆಲಸ ನೋಡಿಕೊಂಡಳು. ಅವಳ ಬಗ್ಗೆ ಓದಿದಾಗಿನಿಂದ ಈ ವಿಷಯ ಬಿಡೋಕೇ ಆಗ್ತಿಲ್ಲ.

ಆದರೆ ಕೆಲವೇ ತಿಂಗಳಲ್ಲಿ ಗಾಳಿ ಬದಲಾಯಿತು. 'ಗಂಡಸರು ರಣರಂಗಕ್ಕೆ, ಹೆಂಗಸರು ಕೆಲಸಕ್ಕೆ' ಅನ್ನೋ ಕೂಗು ಜಾಸ್ತಿಯಾಯಿತು. ಕಾರ್ಖಾನೆ, ಆಸ್ಪತ್ರೆ, ಅಡುಗೆ, ಹೊಲಿಗೆ ಇವರ ಪಾಲಿಗೆ ಬಂತು. ವಿಚಿತ್ರ ಅಂದ್ರೆ, ಅದೇ ವರ್ಷದ ನವೆಂಬರ್‌ನಲ್ಲಿ ಫೆಡೆರಿಕಾ ಮೊಂತ್ಸೆನಿ ಆರೋಗ್ಯ ಮಂತ್ರಿಯಾದರು, ಸ್ಪೇನ್‌ನ ಮೊದಲ ಮಹಿಳಾ ಮಂತ್ರಿ!

ಲೈಬ್ರರಿಯಲ್ಲಿ ಸಿಕ್ಕ ಇಂಗ್ಲಿಷ್ ಪುಸ್ತಕಗಳನ್ನು ಓದಿದೆ, ನಮ್ಮ ಮೇಷ್ಟ್ರನ್ನೂ ಕೇಳಿದೆ. ಒಬ್ಬರು ಶಿಸ್ತಿನ ಸೈನ್ಯ ಕಟ್ಟಿದ್ದೇ ಕಾರಣ ಅಂತಾರೆ. ಇನ್ನೊಬ್ಬರು ಲೈಂಗಿಕ ರೋಗ ಹರಡುತ್ತಾರೆ ಅಂತ ಹೆಂಗಸರ ಮೇಲೆ ಹೊರಿಸಿದ ಅಪವಾದ ಅಂತಾರೆ. ಆ ಅಪವಾದ ಓದಿ ನಿಜಕ್ಕೂ ಸಂಕಟವಾಯಿತು. ಆದರೂ ಗಣರಾಜ್ಯದ ಕಡೆ ಒಂದು ತುಕಡಿಯ ನಾಯಕಿಯಾಗಿದ್ದ ಮಿಕಾ ಎಚೆಬೆಹೆರೆಯಂಥವರು 1937ರಲ್ಲೂ ರಣರಂಗದಲ್ಲೇ ಇದ್ದರಲ್ವಾ? ನನಗೆ ಗೊಂದಲ ಇರೋದು ಇಲ್ಲೇ.

ಸ್ಪ್ಯಾನಿಷ್ ಓದಬಲ್ಲವರು, ಈ ಕಾಲದ ಬಗ್ಗೆ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಹೆಂಗಸರನ್ನು ಹಿಂದಕ್ಕೆ ಕಳಿಸೋಕೆ ಸರ್ಕಾರದ ಲಿಖಿತ ಆದೇಶ ಇತ್ತಾ, ಅಥವಾ ಒಂದೊಂದು ತುಕಡಿಯೂ ತನ್ನಷ್ಟಕ್ಕೆ ತೀರ್ಮಾನ ಮಾಡಿತಾ?