ಸಹಾಯ ಬೇಕು: ಕಲಿಯುವವರ ಕೈಗೆ ಎಷ್ಟು ಬಿಡಬೇಕು?

ಎರಡನೇ ಭಾಷೆ ಕಲಿಯುತ್ತಿರುವ 14 ಮಂದಿ ದೊಡ್ಡವರಿಗೆ ಪಾಠ ಮಾಡುತ್ತೇನೆ. ತರಗತಿಯಲ್ಲಿ ಎಲ್ಲರೂ ಚುರುಕು, ಮನೆಗೆ ಹೋದರೆ ಪುಸ್ತಕ ತೆಗೆಯುವುದಿಲ್ಲ. ಕಲಿಕೆಯ ಡೈರಿ ಬರೆಯಿರಿ ಅಂದೆ. ಮೂರನೇ ವಾರಕ್ಕೆ ಎಲ್ಲರದ್ದೂ ಒಂದೇ ಸಾಲು: 'ಇವತ್ತು 10 ಪದ ಕಲಿತೆ.' ಸುಮ್ನೆ ನನ್ನನ್ನು ಮೆಚ್ಚಿಸೋಕೆ ಬರೆದದ್ದು, ಅಲ್ವಾ?

ಓದುವುದನ್ನು ನೀವೇ ಆರಿಸಿಕೊಳ್ಳಿ ಅಂದೆ. ಒಬ್ಬರು ಒಂದೇ ಪುಟದಲ್ಲಿ 30 ಪದಗಳಿಗೆ ಗೆರೆ ಎಳೆದು ತಂದರು, ಸುಸ್ತಾಗಿ ಬಿಟ್ಟೇಬಿಟ್ಟರು. 100 ಪದಗಳಲ್ಲಿ ಗೊತ್ತಿಲ್ಲದವು ಎರಡು ಮೂರಷ್ಟೇ ಇದ್ದರೆ ಒಬ್ಬರೇ ಆರಾಮಾಗಿ ಓದಬಹುದು. ಆದರೆ ಅಂಥದ್ದನ್ನು ನಾನೇ ಹುಡುಕಿಕೊಟ್ಟರೆ ಆಯ್ಕೆ ಅವರದ್ದಾಗುವುದಿಲ್ಲ. ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲ ತಿಂಗಳು ಯಾವ ನಿರ್ಧಾರ ಅವರ ಕೈಗೆ ಬಿಡಲಿ, ಯಾವುದನ್ನು ನಾನೇ ಇಟ್ಟುಕೊಳ್ಳಲಿ? ಮಾಡಿ ನೋಡಿದವರು ದಯವಿಟ್ಟು ಹೇಳಿ.