ಏಕಪಕ್ಷದ ಒಳಗಿನಿಂದಲೇ ಬೆಳೆದ ಲೀ ಟೆಂಗ್-ಹುಯಿ ತೈವಾನಿನಲ್ಲಿ ನೇರ ಚುನಾವಣೆಯನ್ನು ತಂದದ್ದು ಹೇಗೆ?

ಪ್ರಶ್ನೆ:

ತೈವಾನಿನ ಇತ್ತೀಚಿನ ಇತಿಹಾಸವನ್ನು ಓದುವಾಗ ಲೀ ಟೆಂಗ್-ಹುಯಿ ಅವರ ರಾಜಕೀಯ ಜೀವನದ ಒಂದು ಅಂಶ ನನಗೆ ಇನ್ನೂ ಬಗೆಹರಿದಿಲ್ಲ. ಅವರು ಆಗ ತೈವಾನನ್ನು ಆಳುತ್ತಿದ್ದ ಕುವೊಮಿಂಟಾಂಗ್ ಪಕ್ಷವನ್ನು ಸೇರಿದ್ದು 1971ರಲ್ಲಿ, ನಲವತ್ತೆಂಟನೆಯ ವಯಸ್ಸಿನಲ್ಲಿ. ಮರುವರ್ಷ ಖಾತೆಯಿಲ್ಲದ ಸಚಿವರಾದರು, 1978ರಲ್ಲಿ ತೈಪೆಯ ಮೇಯರ್, 1981ರಲ್ಲಿ ತೈವಾನ್ ಪ್ರಾಂತ್ಯದ ಗವರ್ನರ್, 1984ರಲ್ಲಿ ಉಪಾಧ್ಯಕ್ಷ. ಈ ಯಾವ ಹುದ್ದೆಗಾಗಿಯೂ ಅವರು ಜನರ ಮುಂದೆ ನಿಂತು ಮತ ಕೇಳಿದವರಲ್ಲ. ಮೊದಲು ಪ್ರಧಾನಿಯೂ ಆಮೇಲೆ ಅಧ್ಯಕ್ಷರೂ ಆಗಿದ್ದ ಚಿಯಾಂಗ್ ಚಿಂಗ್-ಕುವೊ ಅವರ ವಿಶ್ವಾಸವೇ ಅವರನ್ನು ಮೇಲಕ್ಕೆ ತಂದಿತು. ಹೀಗಿದ್ದೂ 1996ರಲ್ಲಿ ಜನರು ತಮ್ಮ ಅಧ್ಯಕ್ಷರನ್ನು ಮೊದಲ ಬಾರಿಗೆ ನೇರವಾಗಿ ಆರಿಸಿದ್ದು ಇದೇ ವ್ಯಕ್ತಿಯ ಕಾಲದಲ್ಲಿ. ಇದು ಅವರ ಮನಸ್ಸಿನಲ್ಲಿ ಮೊದಲಿನಿಂದಲೂ ಇದ್ದ ಗುರಿಯೇ, ಅಥವಾ ಬೀದಿಯಲ್ಲಿದ್ದ ಜನರ ಒತ್ತಡಕ್ಕೆ ಮಣಿದು ಇಟ್ಟ ಹೆಜ್ಜೆಯೇ? ಹೊಗಳಿಕೆ ತೆಗಳಿಕೆಗಳಿಗಿಂತ, ಆ ವರ್ಷಗಳಲ್ಲಿ ನಿಜವಾಗಿ ಏನೇನು ನಡೆಯಿತು ಎಂಬುದನ್ನು ತಿಳಿದವರು ವಿವರಿಸಿದರೆ ಉಪಕಾರವಾಗುತ್ತದೆ.

ಉತ್ತರ 1:

ಗುರಿ ಯಾವಾಗ ಹುಟ್ಟಿತು ಎಂಬುದಕ್ಕಿಂತ, 1988ರಲ್ಲಿ ಅವರ ಕೈಯಲ್ಲಿ ಎಷ್ಟು ಅಧಿಕಾರವಿತ್ತು ಎಂಬಲ್ಲಿಂದ ಆರಂಭಿಸುವುದು ಒಳ್ಳೆಯದು. ಜನವರಿ 13ರಂದು ಚಿಯಾಂಗ್ ಚಿಂಗ್-ಕುವೊ ತೀರಿಕೊಂಡಾಗ ಸಂವಿಧಾನದ ಪ್ರಕಾರ ಉಪಾಧ್ಯಕ್ಷರಾಗಿದ್ದ ಲೀ ಅಧ್ಯಕ್ಷರಾದರು. ಆದರೆ ಪಕ್ಷ ಅವರ ಕೈಯಲ್ಲಿರಲಿಲ್ಲ, ಸೇನೆಯೂ ಇರಲಿಲ್ಲ. ಚಿಂಗ್-ಕುವೊ ಅವರ ತಂದೆ, ಹಿಂದಿನ ಅಧ್ಯಕ್ಷ ಚಿಯಾಂಗ್ ಕೈ-ಶೇಕ್ ಅವರ ಪತ್ನಿ ಸೂಂಗ್ ಮೇ-ಲಿಂಗ್, ಪಕ್ಷದ ಹಂಗಾಮಿ ಅಧ್ಯಕ್ಷತೆಯನ್ನು ಲೀ ಅವರಿಗೆ ಕೊಡುವ ನಿರ್ಧಾರವನ್ನು ಮುಂದೂಡಬೇಕೆಂದು ಪತ್ರ ಬರೆದರು. ಪಕ್ಷದ ಸ್ಥಾಯಿ ಸಮಿತಿಯ ಸಭೆಯಲ್ಲಿ ಹಿರಿಯರು ಆ ವಿಷಯವನ್ನು ಎತ್ತಲು ಹಿಂಜರಿಯುತ್ತಿದ್ದಾಗ, ಉಪ ಪ್ರಧಾನ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಸೂಂಗ್ ಎದ್ದು ನಿಂತು ಈ ವಿಳಂಬವನ್ನು ಖಂಡಿಸಿ ಹೊರನಡೆದರು. ಅದಾದ ಮೇಲೆ ನಿರ್ಧಾರ ಲೀ ಅವರ ಪರವಾಗಿ ಬಂತು.

ಮುಂದಿನ ನಾಲ್ಕು ವರ್ಷಗಳಲ್ಲಿ ಅವರು ಹಳೆಯ ವ್ಯವಸ್ಥೆಯನ್ನು ಅದರದೇ ನಿಯಮಗಳ ಮೂಲಕ ಒಂದೊಂದಾಗಿ ಬಿಚ್ಚುತ್ತಾ ಹೋದರು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಹಾವ್ ಪೇ-ತ್ಸುನ್ ಅವರ ಪ್ರಕರಣಕ್ಕಿಂತ ಉತ್ತಮ ನಿದರ್ಶನವಿಲ್ಲ. ಈ ಜನರಲ್ ಎಂಟು ವರ್ಷ ಸೇನಾಪಡೆಗಳ ಮುಖ್ಯಸ್ಥರಾಗಿದ್ದು ಸೇನೆಯಲ್ಲಿ ಆಳವಾಗಿ ಬೇರುಬಿಟ್ಟಿದ್ದರು. ಲೀ, ಹಾವ್ ಅವರನ್ನು 1989ರ ಕೊನೆಯಲ್ಲಿ ರಕ್ಷಣಾ ಸಚಿವರನ್ನಾಗಿ ಮಾಡಿ, 1990ರಲ್ಲಿ ಪ್ರಧಾನಿಯ ಹುದ್ದೆಗೇ ಏರಿಸಿದರು. ಸೈನಿಕನೊಬ್ಬ ಪ್ರಧಾನಿಯಾಗುವುದನ್ನು ವಿರೋಧಿಸಿ ಜನರು ಬೀದಿಗಿಳಿದರು. ಆ ಸಿಟ್ಟು ಸಹಜವಾಗಿಯೇ ಇತ್ತು. ಆದರೆ ಸೇವೆಯಲ್ಲಿರುವ ಸೇನಾಧಿಕಾರಿ ನಾಗರಿಕ ಹುದ್ದೆಯನ್ನು ಹೊಂದುವಂತಿಲ್ಲ ಎಂಬುದು ಅಲ್ಲಿಯ ಸಂವಿಧಾನದ ನಿಯಮವಾದ್ದರಿಂದ, ಪ್ರಧಾನಿಯಾಗಬೇಕಾದರೆ ಹಾವ್ ತಮ್ಮ ಸೇನಾ ದರ್ಜೆಯನ್ನು ಬಿಡಲೇಬೇಕಾಯಿತು. 1992ರ ಕೊನೆಯಲ್ಲಿ ಹೊಸ ಶಾಸಕಾಂಗ ಚುನಾಯಿತವಾದ ಮೇಲೆ, 1993ರ ಆರಂಭದಲ್ಲಿ ಅವರು ಪ್ರಧಾನಿಯ ಹುದ್ದೆಯಿಂದಲೂ ಇಳಿದರು. ಬಡ್ತಿಯ ಮೂಲಕವೇ ಸೇನೆಯ ಪ್ರಬಲ ವ್ಯಕ್ತಿಯನ್ನು ಸೇನೆಯಿಂದ ಹೊರತಂದ ಈ ನಡೆಯಲ್ಲಿ ಲೀ ಅವರ ರಾಜಕೀಯ ಪ್ರತಿಭೆ ಸ್ಪಷ್ಟವಾಗಿ ಕಾಣುತ್ತದೆ.

ರಾಷ್ಟ್ರೀಯ ಸಭೆಯದು ಇನ್ನೂ ಜಟಿಲವಾದ ಸಮಸ್ಯೆ. ಅಧ್ಯಕ್ಷರನ್ನು ಆರಿಸುವ ಈ ಸಭೆಯ ಬಹುಪಾಲು ಸದಸ್ಯರು 1947ರಲ್ಲಿ ಚೀನಾದ ಮುಖ್ಯಭೂಮಿಯಲ್ಲಿ ಚುನಾಯಿತರಾಗಿ, ನಾಲ್ಕು ದಶಕಗಳ ನಂತರವೂ ಅದೇ ಸ್ಥಾನಗಳಲ್ಲಿ ಕುಳಿತಿದ್ದರು. 1990ರ ಮಾರ್ಚ್ ವೇಳೆಗೆ ಕೆಲವರು ಗಾಲಿಕುರ್ಚಿಯಲ್ಲಿ ಬಂದು ಮತ ಹಾಕುವ ವಯಸ್ಸಿನವರಾಗಿದ್ದರು. ಈ ಸಭೆಯನ್ನು ವಿಸರ್ಜಿಸಬೇಕೆಂದು ಸಾವಿರಾರು ವಿದ್ಯಾರ್ಥಿಗಳು ತೈಪೆಯ ಚಿಯಾಂಗ್ ಕೈ-ಶೇಕ್ ಸ್ಮಾರಕದ ಚೌಕದಲ್ಲಿ ಧರಣಿ ಕುಳಿತು, ಕಾಡು ಲಿಲ್ಲಿ ಹೂವಿನ ದೊಡ್ಡ ಪ್ರತಿಕೃತಿಯನ್ನು ಅಲ್ಲಿ ನಿಲ್ಲಿಸಿದ್ದರು. ಮಾರ್ಚ್ 21ರಂದು ಆ ವೃದ್ಧರ ಸಭೆಯಿಂದಲೇ 641 ಮತಗಳನ್ನು ಪಡೆದು ಆಯ್ಕೆಯಾದ ಲೀ, ಅದೇ ದಿನ ಸಂಜೆ ವಿದ್ಯಾರ್ಥಿ ಪ್ರತಿನಿಧಿಗಳನ್ನು ಅಧ್ಯಕ್ಷರ ಕಚೇರಿಗೆ ಕರೆಸಿಕೊಂಡು ಮಾತನಾಡಿದರು. ಬೀಜಿಂಗಿನ ತಿಯಾನನ್‌ಮನ್ ಚೌಕದಲ್ಲಿ ವಿದ್ಯಾರ್ಥಿಗಳ ಮೇಲೆ ಗುಂಡು ಹಾರಿ ಆಗ ಒಂದು ವರ್ಷವೂ ತುಂಬಿರಲಿಲ್ಲ ಎಂಬುದನ್ನು ನೆನೆದರೆ ಆ ಭೇಟಿಯ ಮಹತ್ವ ತಿಳಿಯುತ್ತದೆ.

ಅನಂತರ ಎಲ್ಲವೂ ಕ್ರಮವಾಗಿ ನಡೆಯಿತು. ಜೂನ್ ತಿಂಗಳಲ್ಲಿ ಸಾಂವಿಧಾನಿಕ ವ್ಯಾಖ್ಯಾನ ನೀಡುವ ನ್ಯಾಯಾಧೀಶರು, ಹಳೆಯ ಸದಸ್ಯರೆಲ್ಲರೂ 1991ರ ಡಿಸೆಂಬರ್ 31ರೊಳಗೆ ಸ್ಥಾನ ತೆರವು ಮಾಡಬೇಕೆಂದು ತೀರ್ಮಾನಿಸಿದರು. ವಿದ್ಯಾರ್ಥಿಗಳು ಕೇಳಿದ್ದ ರಾಷ್ಟ್ರೀಯ ವಿಚಾರ ಸಮ್ಮೇಳನದಲ್ಲಿ ವಿರೋಧ ಪಕ್ಷದವರೂ ಕುಳಿತರು. 1991ರ ಮೇ 1ರಂದು, ಕಮ್ಯುನಿಸ್ಟ್ ದಂಗೆಯ ಹೆಸರಿನಲ್ಲಿ ಅಧ್ಯಕ್ಷರಿಗೆ ಅಪಾರ ಅಧಿಕಾರವನ್ನು ಕೊಟ್ಟಿದ್ದ ತಾತ್ಕಾಲಿಕ ವಿಧಿಗಳು ಕೊನೆಗೊಂಡವು. ತಮ್ಮ ಸ್ವಂತ ಅಧಿಕಾರವನ್ನೇ ಕಡಿಮೆ ಮಾಡುವ ಕ್ರಮಕ್ಕೆ ಅವರು ಮುಂದಾದರು ಎಂಬುದನ್ನು ಮರೆಯಬಾರದು.

ಉತ್ತರ 2:

ಮೇಲಿನ ಉತ್ತರಕ್ಕೆ ಪೂರಕವಾಗಿ ಅವರ ಹಿಂದಿನ ಬದುಕಿನ ಬಗ್ಗೆ ಕೆಲವು ಮಾತು. 1923ರಲ್ಲಿ ಜಪಾನಿನ ಆಳ್ವಿಕೆಯ ತೈವಾನಿನಲ್ಲಿ, ತೈಪೆಗೆ ಹತ್ತಿರದ ಸಾನ್‌ಝಿಯಲ್ಲಿ ಹುಟ್ಟಿದ ಲೀ, ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಕೃಷಿ ಅರ್ಥಶಾಸ್ತ್ರದ ಓದನ್ನು ಆರಂಭಿಸಿ, ಯುದ್ಧದ ನಂತರ ತೈವಾನಿನಲ್ಲಿ ಪದವಿ ಮುಗಿಸಿ, 1968ರಲ್ಲಿ ಅಮೆರಿಕದ ಕಾರ್ನೆಲ್‌ನಲ್ಲಿ ಡಾಕ್ಟರೇಟ್ ಪಡೆದರು. ತೈವಾನಿನ ಕೃಷಿಯಿಂದ ಕೈಗಾರಿಕೆಗೆ ಬಂಡವಾಳ ಹೇಗೆ ಹರಿದುಹೋಯಿತು ಎಂಬುದು ಅವರ ಪ್ರಬಂಧದ ವಿಷಯ. ಆಗ ರೈತರು ಸರ್ಕಾರದಿಂದ ಗೊಬ್ಬರವನ್ನು ಪಡೆಯಲು ಭತ್ತವನ್ನೇ ಕೊಡಬೇಕಿತ್ತು, ಮತ್ತು ವಿನಿಮಯದ ದರ ರೈತರಿಗೆ ನಷ್ಟವಾಗುವಂತೆಯೇ ಇರುತ್ತಿತ್ತು. ಅದು ತೆರಿಗೆಯೆಂಬ ಹೆಸರಿಲ್ಲದ ತೆರಿಗೆ. 1973ರಲ್ಲಿ ಆ ಪದ್ಧತಿ ರದ್ದಾದಾಗ ಲೀ ಸಂಪುಟದಲ್ಲಿ ಕೃಷಿಯ ವಿಷಯವನ್ನು ನೋಡಿಕೊಳ್ಳುತ್ತಿದ್ದರು. 1969ರಲ್ಲಿ ಭದ್ರತಾ ಅಧಿಕಾರಿಗಳು ಅವರನ್ನು ಕಮ್ಯುನಿಸ್ಟ್ ನಂಟಿನ ಶಂಕೆಯ ಮೇಲೆ ದಿನಗಟ್ಟಲೆ ವಿಚಾರಣೆಗೆ ಒಳಪಡಿಸಿದ್ದರು ಎಂಬುದನ್ನೂ ಇದರೊಂದಿಗೆ ಸೇರಿಸಿ ಓದಬೇಕು. ರೈತನ ಲೆಕ್ಕವನ್ನೂ ಪೊಲೀಸ್ ರಾಜ್ಯದ ಭಯವನ್ನೂ ಬಲ್ಲ ವ್ಯಕ್ತಿ ಆತ. ಪಕ್ಷ ಸೇರಿದ ಮಾತ್ರಕ್ಕೆ ಅವೆರಡೂ ಅಳಿಸಿಹೋಗಿರಲಾರವು.

ಉತ್ತರ 3:

ನಾನು ಒಂದು ಆಕ್ಷೇಪವನ್ನು ಗೌರವದಿಂದಲೇ ದಾಖಲಿಸಬಯಸುತ್ತೇನೆ. ಇಲ್ಲಿನ ಉತ್ತರಗಳಲ್ಲಿ ತೈವಾನಿನ ಪ್ರಜಾಪ್ರಭುತ್ವ ಅಧ್ಯಕ್ಷರ ಕಚೇರಿಯಿಂದ ಹೊರಟು ಬಂದಂತೆ ಕಾಣುತ್ತಿದೆ. 1979ರ ಡಿಸೆಂಬರ್ 10ರಂದು ಕಾವೋಶುಂಗ್‌ನಲ್ಲಿ ಮಾನವ ಹಕ್ಕುಗಳ ದಿನದ ಮೆರವಣಿಗೆ ನಡೆಸಿ ಸೇನಾ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದವರನ್ನು, ಸೇನಾ ಕಾನೂನು ಇನ್ನೂ ಜಾರಿಯಲ್ಲಿದ್ದಾಗಲೇ 1986ರ ಸೆಪ್ಟೆಂಬರ್‌ನಲ್ಲಿ ಡೆಮಾಕ್ರಟಿಕ್ ಪ್ರೋಗ್ರೆಸಿವ್ ಪಕ್ಷವನ್ನು ಕಟ್ಟಿದವರನ್ನು ಬಿಟ್ಟು ಈ ಕಥೆಯನ್ನು ಹೇಳಲಾಗದು. 38 ವರ್ಷಗಳ ಸೇನಾ ಕಾನೂನನ್ನು 1987ರಲ್ಲಿ ತೆಗೆದವರೂ ಲೀ ಅಲ್ಲ, ಚಿಯಾಂಗ್ ಚಿಂಗ್-ಕುವೊ.

ಇನ್ನೊಂದು ವಿಷಯ ಅವರ ಆಡಳಿತದ ಕಳಂಕಕ್ಕೆ ಸಂಬಂಧಿಸಿದ್ದು. ಪಕ್ಷದೊಳಗಿನ ಹಳಬರನ್ನು ಎದುರಿಸಲು ಲೀ ಸ್ಥಳೀಯ ಬಣಗಳ ಮುಖಂಡರನ್ನೂ ಉದ್ಯಮಿಗಳನ್ನೂ ನೆಚ್ಚಿಕೊಂಡರು. ಚುನಾವಣೆಗಳು ಹೆಚ್ಚಿದಂತೆ ಮತ ಖರೀದಿಯೂ ಹೆಚ್ಚಿತು, ಅಪರಾಧ ಜಗತ್ತಿನ ನಂಟುಳ್ಳವರು ಸ್ಥಳೀಯ ಸಂಸ್ಥೆಗಳಿಗೆ ಆಯ್ಕೆಯಾದರು. ಜನರು ಇದನ್ನು ಕಪ್ಪು ಚಿನ್ನದ ರಾಜಕೀಯವೆಂದು ಕರೆದರು, ಮತ್ತು 2000ದ ಚುನಾವಣೆಯಲ್ಲಿ ಕುವೊಮಿಂಟಾಂಗ್ ಸೋಲಲು ಅದೂ ಒಂದು ಮುಖ್ಯ ಕಾರಣವಾಯಿತು. ಸುಧಾರಕ ಎಂಬ ಬಿರುದನ್ನು ಕೊಡುವಾಗ ಈ ಹೊಣೆಯನ್ನೂ ಅವರ ಮೇಲೆ ಹೊರಿಸಬೇಕು.

ಪ್ರಶ್ನೆ ಕೇಳಿದವರು:

ಮೂವರಿಗೂ ಕೃತಜ್ಞತೆಗಳು. ಹಾವ್ ಪೇ-ತ್ಸುನ್ ಅವರ ವಿಷಯ ನನಗೆ ಹೊಸದು. ಇನ್ನೊಂದೇ ಸಂದೇಹ: 2000ದಲ್ಲಿ ತಮ್ಮ ಪಕ್ಷವೇ ಸೋಲಲೆಂದು ಲೀ ಒಳಗಿಂದೊಳಗೆ ಬಯಸಿದ್ದರು ಎಂಬ ಆರೋಪವನ್ನು ಕೆಲವೆಡೆ ಓದಿದ್ದೇನೆ. ಅದರಲ್ಲಿ ಹುರುಳಿದೆಯೇ?

ಉತ್ತರ 1 ಬರೆದವರು:

ಮೊದಲು ಆಕ್ಷೇಪದ ಬಗ್ಗೆ. ಕಾವೋಶುಂಗ್ ಪ್ರಕರಣದವರನ್ನು ಸ್ಮರಿಸಿದ್ದು ಸರಿಯಾಗಿಯೇ ಇದೆ. ಆ ಪ್ರಕರಣದಲ್ಲಿ ಸೆರೆವಾಸ ಅನುಭವಿಸಿದ ಆನೆಟ್ ಲೂ ಮತ್ತು ಆರೋಪಿಗಳ ಪರ ವಕೀಲರಲ್ಲಿ ಒಬ್ಬರಾಗಿದ್ದ ಚೆನ್ ಶುಯಿ-ಬಿಯಾನ್, ಇವರಿಬ್ಬರೇ 2000ದಲ್ಲಿ ಉಪಾಧ್ಯಕ್ಷೆ ಮತ್ತು ಅಧ್ಯಕ್ಷರಾದರು. ಒತ್ತಡ ಬೀದಿಯಿಂದ ಬಂತು ಎಂಬುದನ್ನು ಒಪ್ಪುತ್ತೇನೆ. ಆ ಒತ್ತಡವನ್ನು ರಕ್ತಪಾತವಿಲ್ಲದೆ ಕಾನೂನಾಗಿ ಮಾರ್ಪಡಿಸಿದ್ದು ಲೀ ಅವರ ಕೆಲಸ. ಕಪ್ಪು ಚಿನ್ನದ ವಿಷಯದಲ್ಲಿ ಅವರ ಪರವಾಗಿ ವಾದಿಸಲು ನನ್ನಲ್ಲಿ ಏನೂ ಇಲ್ಲ.

ಈಗ ನಿಮ್ಮ ಸಂದೇಹ. 1995ರ ಜೂನ್‌ನಲ್ಲಿ ಲೀ ಕಾರ್ನೆಲ್‌ಗೆ ಹಳೆಯ ವಿದ್ಯಾರ್ಥಿಯಾಗಿ ಹೋಗಿ ಭಾಷಣ ಮಾಡಿದ್ದಕ್ಕೆ ಚೀನಾ ಕೆರಳಿತು. 1996ರ ಮಾರ್ಚ್‌ನಲ್ಲಿ, ಮತದಾನಕ್ಕೆ ಮುನ್ನ, ಕೀಲುಂಗ್ ಮತ್ತು ಕಾವೋಶುಂಗ್ ಬಂದರುಗಳ ಸಮೀಪದ ಸಮುದ್ರಕ್ಕೆ ಕ್ಷಿಪಣಿಗಳನ್ನು ಹಾರಿಸಿತು. ಬೆದರಿಕೆ ತಿರುಗುಬಾಣವಾಗಿ, ಲೀ ಶೇಕಡಾ 54ರಷ್ಟು ಮತ ಪಡೆದರು. ಅಷ್ಟು ಗಟ್ಟಿಯಾದ ನೆಲೆಯಿದ್ದ ನಾಯಕ ತನ್ನ ಪಕ್ಷವನ್ನು ತಾನೇ ಸೋಲಿಸಿದ ಎಂಬ ಅನುಮಾನ ಪಕ್ಷದ ಬೆಂಬಲಿಗರಿಗೆ ಬಂದದ್ದು ಉತ್ತರಾಧಿಕಾರದ ಜಗಳದಿಂದ. ಲೀ ತಮ್ಮ ಉಪಾಧ್ಯಕ್ಷರಾಗಿದ್ದ ಲಿಯೆನ್ ಚಾನ್ ಅವರನ್ನು ಅಭ್ಯರ್ಥಿಯಾಗಿ ಮುಂದೆ ತಂದರು. 1988ರ ಆ ಸಭೆಯಲ್ಲಿ ಲೀ ಅವರ ಪರ ನಿಂತಿದ್ದ ಜೇಮ್ಸ್ ಸೂಂಗ್ ಪಕ್ಷೇತರರಾಗಿ ನಿಂತರು. ಪಕ್ಷದ ಮತಗಳು ಒಡೆದು, ಚೆನ್ ಸುಮಾರು ಶೇಕಡಾ 39ರಷ್ಟು ಮತಗಳಿಂದಲೇ ಗೆದ್ದರು, ಲಿಯೆನ್ ಮೂರನೆಯ ಸ್ಥಾನಕ್ಕೆ ಕುಸಿದರು. ನನಗಂತೂ ಇದರಲ್ಲಿ ಸಂಚಿಗಿಂತ ಲೀ ಅವರ ತಪ್ಪು ಅಂದಾಜೇ ಕಾಣುತ್ತದೆ. ಆದರೆ ಸಿಟ್ಟಿಗೆದ್ದ ಕಾರ್ಯಕರ್ತರು ಪಕ್ಷದ ಕೇಂದ್ರ ಕಚೇರಿಯನ್ನು ಮುತ್ತಿದರು, ಲೀ ಕೆಲವೇ ದಿನಗಳಲ್ಲಿ ಪಕ್ಷದ ಅಧ್ಯಕ್ಷತೆಯನ್ನು ಬಿಟ್ಟರು. 2001ರಲ್ಲಿ ಹೊಸದಾಗಿ ಹುಟ್ಟಿದ ತೈವಾನ್ ಸಾಲಿಡಾರಿಟಿ ಯೂನಿಯನ್‌ಗೆ ಬೆಂಬಲ ಕೊಟ್ಟದ್ದಕ್ಕಾಗಿ ಕುವೊಮಿಂಟಾಂಗ್ ಅವರನ್ನು ಉಚ್ಚಾಟಿಸಿತು.

ಆರೋಪದಲ್ಲಿ ಎಷ್ಟೇ ಸತ್ಯವಿರಲಿ, ಮತ ಎಣಿಕೆಯ ನಂತರ ನಡೆದದ್ದನ್ನು ಹೇಳಲೇಬೇಕು. ಐದು ದಶಕ ಒಂದೇ ಪಕ್ಷಕ್ಕೆ ಒಗ್ಗಿಹೋಗಿದ್ದ ಸೇನೆಯ ಮುಖ್ಯಸ್ಥರು, ಹೊಸದಾಗಿ ಚುನಾಯಿತರಾದ ಅಧ್ಯಕ್ಷರಿಗೆ ಸೇನೆ ನಿಷ್ಠವಾಗಿರುತ್ತದೆಂದು ಬಹಿರಂಗವಾಗಿ ಘೋಷಿಸಿದರು, ಮತ್ತು ಮೇ 20ರಂದು ಲೀ ವಿರೋಧ ಪಕ್ಷದ ಚೆನ್ ಅವರಿಗೆ ಅಧಿಕಾರವನ್ನು ಒಪ್ಪಿಸಿದರು.