ಕುರಿಗೆ ಕಜ್ಜಿ ಬಂದಿದೆ, ಕುದುರೆಗೂ ಅದೇ ಔಷಧಿ ಹೊಡೀಬಹುದಾ?

ಕುಷ್ಟಗಿ ಕಡೆಯಿಂದ ಕೇಳಿದ್ದು:
ನಮ್ಮಲ್ಲಿ 40 ಕುರಿ ಇವೆ. ಐದಾರು ಕುರಿ ಗೋಡೆಗೆ, ಗೂಟಕ್ಕೆ ಮೈ ಉಜ್ಜುತ್ತಿವೆ. ತುಪ್ಪಟ ಕಿತ್ತು ಬರ್ತಿದೆ, ಕೆಳಗೆ ಹಳದಿ ಹಕ್ಕಳೆ. ಸಾಮಾನು ಹೊರುವ ಕುದುರೆಯೂ ರಾತ್ರಿಯೆಲ್ಲ ಹಿಂಗಾಲು ಬಡಿಯುತ್ತದೆ. ಮೈಗೆ ಹೊಡೆಯುವ ಕಜ್ಜಿ ಔಷಧಿ ಅಮಿಟ್ರಾಜ್ ತಂದಿಟ್ಟಿದ್ದೇನೆ. ಎರಡಕ್ಕೂ ಹೊಡೀಬಹುದಾ?

ಯಲಬುರ್ಗಾದಿಂದ:
ಅಣ್ಣ, ಕುದುರೆಗೆ ಅಮಿಟ್ರಾಜ್ ಬೇಡವೇ ಬೇಡ. ಅದರಿಂದ ಕುದುರೆಯ ಕರುಳು ಕೆಲಸ ನಿಲ್ಲಿಸುತ್ತದೆ. ಲದ್ದಿ ಕಟ್ಟಿ, ಹೊಟ್ಟೆನೋವು ಬಂದು ಜೀವವೇ ಹೋಗಬಹುದು. ಕಜ್ಜಿ ಬರುವುದು ನುಸಿಯಿಂದ, ಕುದುರೆ ಕಾಲಿಗೆ ಬರುವ ನುಸಿಯೂ ಸಾಮಾನ್ಯವಾಗಿ ಬೇರೆ ಜಾತಿಯದು. ಡಾಕ್ಟರು ಗಾಯದ ಅಂಚಿನಲ್ಲಿ ಚರ್ಮ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಲಿ.

ಕುರಿ ವಿಷಯದಲ್ಲಿ ನಾನು ಮಾಡಿದ ತಪ್ಪು ಹೇಳ್ತೀನಿ. ಕಜ್ಜಿ ಕಂಡ ನಾಲ್ಕಕ್ಕೆ ಮಾತ್ರ ಐವರ್ಮೆಕ್ಟಿನ್ ಇಂಜೆಕ್ಷನ್ ಹಾಕಿಸಿದೆ. ವಾರದಲ್ಲಿ ತುರಿಕೆ ಕಡಿಮೆಯಾಯಿತು, ಸುಮ್ಮನಾದೆ. ತಿಂಗಳೊಳಗೆ ಅರ್ಧ ಹಿಂಡಿಗೆ ಹಬ್ಬಿತು. ಮೂರು ಮರಿ ಸೊರಗಿ ಸತ್ತವು. ಇವತ್ತಿಗೂ ಆ ನೋವು ಇದೆ. ಮೇಲೆ ಚೆನ್ನಾಗಿ ಕಾಣುವ ಕುರಿಯಲ್ಲೂ ನುಸಿ ಇರುತ್ತದೆ, ಮೊಟ್ಟೆ ಔಷಧಿಗೆ ಸಾಯುವುದಿಲ್ಲ. ಅದಕ್ಕೇ ಎರಡನೇ ಸಲ ಇಡೀ ಹಿಂಡಿಗೆ ಒಂದೇ ದಿನ ಹಾಕಿಸಿದೆವು, ಹತ್ತು ದಿನ ಬಿಟ್ಟು ಮತ್ತೊಮ್ಮೆ. ಶೇ. 1ರ ಔಷಧಿ 50 ಕೆ.ಜಿ. ತೂಕಕ್ಕೆ 1 ಮಿ.ಲೀ., ಚರ್ಮದ ಕೆಳಗೆ. ಕಣ್ಣಂದಾಜಿನಲ್ಲಿ ಬೇಡ, ತೂಗಿಯೇ ಹಾಕಿಸಿ. ಮಾಂಸಕ್ಕೆ ಮಾರುವ ಟಗರು, ಹಾಲು ಕೊಡುವ ಆಡು ಇದ್ದರೆ ಔಷಧಿ ಹಾಕಿದ ಮೇಲೆ ಮಾಂಸ, ಹಾಲು ಬಳಸಲು ಎಷ್ಟು ದಿನ ಕಾಯಬೇಕು ಅಂತ ಡಾಕ್ಟರನ್ನು ಮೊದಲೇ ಕೇಳಿ.

ಇನ್ನು ದೊಡ್ಡಿ. ನಮ್ಮದು ಬಳ್ಳಾರಿ ಜಾಲಿ ಮುಳ್ಳಿನ ಬೇಲಿ. ಅದರ ತುಂಬ ತುಪ್ಪಟದ ಎಳೆ ಸಿಕ್ಕಿಕೊಂಡಿದ್ದವು, ಅದರಲ್ಲೂ ನುಸಿ ಎರಡು ವಾರ ಬದುಕಬಲ್ಲದು. ಬೇಲಿ ಕಿತ್ತು ಸುಟ್ಟು, ಮೂರು ವಾರ ಕುರಿಗಳನ್ನು ಬೇರೆ ಕಡೆ ತಂಗಿಸಿದೆವು. ಆಮೇಲೆ ಬರಲಿಲ್ಲ.

ಸಿಂಧನೂರಿನಿಂದ:
ಸುಟ್ಟ ಇಂಜಿನ್ ಆಯಿಲ್ ಹಚ್ಚಿ ಅಂತ ಹೇಳುವವರು ಜಾಸ್ತಿ. ದಯವಿಟ್ಟು ಕೇಳಬೇಡಿ. ನಮ್ಮ ಆಕಳಿಗೆ ಹಚ್ಚಿದ್ದೆವು. ಬೇಸಿಗೆ ಬಿಸಿಲಿಗೆ ಚರ್ಮವೇ ಸುಲಿದು ಬಂತು, ಜೊತೆಗೆ ನೆಕ್ಕಿಕೊಂಡು ಮೇವು ಬಿಟ್ಟಿತು. ಅಷ್ಟಾದರೂ ಕಜ್ಜಿ ಹೋಗಿರಲಿಲ್ಲ.

ಹೂವಿನಹಡಗಲಿಯಿಂದ:
ಕೆಲವು ಜಾತಿ ನುಸಿ ಮನುಷ್ಯರಿಗೂ ಸ್ವಲ್ಪ ದಿನ ತುರಿಕೆ ಕೊಡುತ್ತದೆ. ಕುರಿ ಹಿಡಿದ ಮೇಲೆ ಕೈ ತೊಳೀರಿ, ಕಂಬಳಿ ಬೇರೆ ಇಡಿ. ಕುದುರೆಯನ್ನು ಆಸ್ಪತ್ರೆಗೆ ಒಯ್ಯುವುದು ಕಷ್ಟವಾದರೆ 1962ಕ್ಕೆ ಫೋನ್ ಮಾಡಿ, ಪಶು ವೈದ್ಯರ ಗಾಡಿ ಬಗ್ಗೆ ವಿಚಾರಿಸಿ. ಕುದುರೆಗೂ ಕಜ್ಜಿ ಇದೆ ಅಂತ ಫೋನಿನಲ್ಲೇ ಹೇಳಿ.